ಮರಿಯಯ್ಯನ ರಂಗೂನು

ಪಾಲಹಳ್ಳಿಯ ಮರಿಯಯ್ಯ ಹದಿನೆಂಟರ ಪ್ರಾಯದಲ್ಲಿ ಒಬ್ಬ ಮರದ ವ್ಯಾಪಾರಿಯ ಅಡುಗೆಯವನಾಗಿ ಮದ್ರಾಸಿನಲ್ಲಿ ಹಡಗು ಹತ್ತಿ ಬರ್ಮಾದ ರಂಗೂನಿಗೆ ಹೋಗಿದ್ದ. ಹೆಚ್ಚು ದಿನ ನಿಲ್ಲಲಿಲ್ಲ, ಜ್ವರ ಹಿಡಿದು ವಾಪಸು ಬಂದ. ಆದರೆ ಊರಲ್ಲಿ ಫಾರಿನ್ನಿಗೆ ಹೋಗಿಬಂದವನು ತಾನೊಬ್ಬನೇ ಎಂಬ ಗತ್ತು ಎಂಬತ್ತು ದಾಟಿದರೂ ಇಳಿದಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ, "ಫಾರಿನ್ನಲ್ಲಿ ಇಂಗೆ ಮಾಡಿದ್ರೆ ತಟ್ಟೆ ಎಸೀತಿದ್ರು" ಅನ್ನುವನು. ಹೆಂಡತಿ ಚಲುವಮ್ಮ ಇದನ್ನು ಕೇಳಿಕೊಂಡೇ ಮುದುಕಿಯಾಗಿದ್ದಳು.

ಮೊಮ್ಮಗಳು ಚೈತ್ರ ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದಳು. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಬ್ರಿಟಿಷರ ಕಾಲದ ಭಾರತದ ನಕ್ಷೆಯೊಂದನ್ನು ಅವಳು ಸ್ಕ್ಯಾನ್ ಮಾಡಿಸಿ, ಅದರ ಗಡಿಯನ್ನು ಕೆಂಪಗೆ ತಿದ್ದಿ, ಅದರ ಮೇಲೆ ಈಗಿನ ದೇಶಗಳ ಗಡಿಯನ್ನು ನೀಲಿಯಲ್ಲಿ ಕೂರಿಸಿದಳು. ಮೊದಲ ಸಲ ಎರಡೂ ಹೊಂದದೆ ರಂಗೂನು ಸಮುದ್ರಕ್ಕೆ ಬಿದ್ದಿತ್ತು. ಎಳೆದಾಡಿ ಸರಿ ಮಾಡಿದ ಮೇಲೆ, ತಾತನಿಗೆ ತೋರಿಸೋಣವೆಂದು ಅಜ್ಜಿಯನ್ನೂ ಸೇರಿಸಿ ಇಬ್ಬರನ್ನೂ ಕಾಲೇಜಿಗೆ ಕರೆಸಿದಳು.

ಮರಿಯಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿದ. "ಈ ಕೆಂಪು ಗೆರೆ ಯಾಕವ್ವ ರಂಗೂನನ್ನೂ ಸುತ್ಕೊಂಡು ಓಗೈತೆ?"

"ಅದು ಆಗಿನ ಇಂಡಿಯಾದ ಗಡಿ ತಾತ. ನೀಲಿ ಈಗಿಂದು. ನೀನು ಹೋದಾಗ ಬರ್ಮಾ ಇನ್ನೂ ಇಂಡಿಯಾದೊಳಗೇ ಇತ್ತು. ಆಮೇಲೆ ಮೂವತ್ತೇಳರಲ್ಲಿ ಬೇರೆ ಆಯ್ತು." ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು ಅವಳಿಗೆ.

ಚಲುವಮ್ಮ ಮುಂದಕ್ಕೆ ಬಗ್ಗಿದಳು. "ಅಂಗಾರೆ ಈವಯ್ಯ ಫಾರಿನ್ನಿಗೆ ಓಗೇ ಇಲ್ವಾ?"

"ಮೈಸೂರಿಗೆ ಓಗ್ಬಂದಂಗೆ ಓಗ್ಬಂದವ್ನೆ" ಎಂದು ಅವಳೇ ತೀರ್ಮಾನಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಮರಿಯಯ್ಯ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ. ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದ. "ಈ ಅಳದಿ ಬಣ್ಣದ್ದು ಯಾವುದು?"

"ಮೈಸೂರು ಸಂಸ್ಥಾನ. ಗುಲಾಬಿ ಬಣ್ಣದ್ದೆಲ್ಲ ಬ್ರಿಟಿಷರೇ ಆಳ್ತಿದ್ದದ್ದು."

"ನೋಡ್ದಾ ಮತ್ತೆ. ನಾನು ಮಾರಾಜ್ರ ಪ್ರಜೆ. ಅಳದಿ ದಾಟಿ ಗುಲಾಬಿಗೆ ಕಾಲಿಟ್ರೆ ನಂಗದು ಫಾರಿನ್ನೇ. ರಂಗೂನು ಅಂಗಿರ್ಲಿ, ಮದ್ರಾಸೇ ಫಾರಿನ್ನು."

ಚೈತ್ರ ಏನೋ ಹೇಳಹೋಗುವಷ್ಟರಲ್ಲಿ ಚಲುವಮ್ಮ ಕೇಳಿದಳು. "ಕೊಳ್ಳೇಗಾಲ ಎಲ್ಲೈತೆ ಮಗ?" ಅದು ಅವಳ ತವರು.

ಚೈತ್ರ ನಕ್ಷೆಯನ್ನು ದೊಡ್ಡದು ಮಾಡಿದಳು. ಕೊಳ್ಳೇಗಾಲ ಗುಲಾಬಿಯೊಳಗಿತ್ತು. "ಆಗ ಅದು ಮದ್ರಾಸಿಗೆ ಸೇರಿತ್ತಜ್ಜಿ. ನಮ್ಮ ಕಡೆಗೆ ಬಂದದ್ದು ಐವತ್ತಾರರಲ್ಲಿ."

ಚಲುವಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. "ಅಂಗಾರೆ ಫಾರಿನ್ನಿಂದ ಬಂದೋಳು ನಾನು. ನೀನು ಒಂದೇ ಸಲ ಓದೆ. ನಾನು ವರ್ಷ ವರ್ಷ ಗೌರಿ ಅಬ್ಬಕ್ಕೆ ಓಗ್ತಿದ್ದೆ. ಬಾಣಂತನಾನೂ ಅಲ್ಲೇ ಮಾಡುಸ್ಕಂಡೆ."

ವಾಪಸು ಹೊರಟಾಗ ಮರಿಯಯ್ಯ ಪಾಲಹಳ್ಳಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅವಳಿಗೇ ಬಿಟ್ಟುಕೊಟ್ಟ.

ಊರಲ್ಲಿ ಇಳಿದಾಗ ಟೀ ಅಂಗಡಿಯ ದೇವಯ್ಯ ಕೂಗಿ ಕೇಳಿದ. "ಮರಿಯಣ್ಣ, ಕಂಪ್ಯೂಟರಲ್ಲಿ ರಂಗೂನು ಕಾಣ್ತಾ?"

ಚಲುವಮ್ಮ ಗಂಡನ ಮುಖ ನೋಡಿದಳು. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ರಂಗೂನು ಬುಡ್ಲಾ, ಅದೇನು ದೊಡ್ದಲ್ಲ" ಎಂದ. "ಈ ಊರಿಗೆ ಫಾರಿನ್ ಎಣ್ಣು ತಂದೋನು ನಾನೊಬ್ನೇ ಕಣ್ಲಾ."

ದೇವಯ್ಯನಿಗೆ ಅರ್ಥವಾಗಲಿಲ್ಲ. ಚಲುವಮ್ಮ ಅಂಗಡಿಯೊಳಗೆ ಬಂದು, ಇಷ್ಟು ವರ್ಷದಲ್ಲಿ ಮೊದಲ ಸಲ ಊರ ಗಂಡಸರು ಕೂರುವ ಆ ಬೆಂಚಿನ ಮೇಲೆ ಕೂತು, ತನಗೂ ಒಂದು ಟೀ ಹೇಳಿದಳು.