ತಪ್ಪು ಒಬ್ಬಳದು, ಪರಿಹಾರ ಒಬ್ಬಳಿಗೆ

ಚಳಿ ಇಳಿಯುತ್ತಿತ್ತು. ಬಿತ್ತನೆ ಹತ್ತಿರ ಬಂದಂತೆ ಬೀಜದ ಕಂಪನಿಯವರಿಗೆ ಉಸಿರಾಡಲು ಪುರಸೊತ್ತಿಲ್ಲ. ದೊಡ್ಡ ಸೊಸೆ ಮೇಜಿಗೆ ಬಾಗಿ, ತಟ್ಟೆಯ ಒದ್ದೆ ಕಾಗದದ ಮೇಲೆ ಮಲಗಿಸಿದ್ದ ನೂರು ಕಾಳುಗಳಲ್ಲಿ ಎಷ್ಟು ಮೊಳೆತಿವೆ ಎಂದು ಚಿಮಟದಲ್ಲಿ ಎತ್ತೆತ್ತಿ ಎಣಿಸುತ್ತಿದ್ದಳು. ಬೆನ್ನ ಹಿಂದೆ ಮೇಲ್ವಿಚಾರಕನ ಚಪ್ಪಲಿ ಸದ್ದು.

ಮೂರು ವರ್ಷ ಇದೇ ಕೆಲಸವನ್ನು ಅವಳೂ ವಾರಗಿತ್ತಿಯೂ ಮನೆಯ ಹಿಂದಿನ ಕೋಣೆಯಲ್ಲಿ, ಒಲೆಯ ಮೇಲೊಂದು ಕಣ್ಣಿಟ್ಟುಕೊಂಡೇ ಮಾಡಿದ್ದರು. ಹೋದ ತಿಂಗಳು ಕಾಗದ ಬಂತು: ಇನ್ನು ಎಲ್ಲರೂ ದಿನಾ ಕಚೇರಿಗೇ ಬರಬೇಕು, ಲೆಕ್ಕ ತಪ್ಪಿದವರಿಗೆ ಆರು ತಿಂಗಳ ಸಂಬಳ ಕೊಟ್ಟು ಕೆಲಸ ಬಿಡಿಸಲಾಗುವುದು. ವಾರಗಿತ್ತಿಯ ಹೆಸರಿನ ಮುಂದೆ ಹನ್ನೆರಡು ತಟ್ಟೆ ತಪ್ಪೆಂದು ಬರೆದಿತ್ತು.

ಆ ಹನ್ನೆರಡನ್ನೂ ಎಣಿಸಿದ್ದು ದೊಡ್ಡವಳು. ಚಿಕ್ಕವಳು ತವರಿಗೆ ಹೋಗಿದ್ದಾಗ ಅವಳ ಬದಲು ಕೂತು, ಅವಳ ಸಹಿಯನ್ನೂ ತಾನೇ ಹಾಕಿದ್ದಳು. ನೀರು ಹೀರದೆ ಗಟ್ಟಿಯಾಗಿ ಉಳಿದ ಕಾಳುಗಳನ್ನು ಬೇರೆ ಬರೆಯಬೇಕಿತ್ತು; ಅವಸರದಲ್ಲಿ ಅವನ್ನೂ ಸತ್ತ ಕಾಳಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಳು.

ಮೊದಲ ವಾರ ಅಳುಕಿತ್ತು. ಎರಡು ಬಸ್ಸು ಬದಲಿಸಿ ಸೊಂಟ ಹಿಡಿದುಕೊಂಡು ಮನೆಗೆ ಬಂದಾಗಲೆಲ್ಲ ಚಿಕ್ಕವಳು ಅಂಗಳದಲ್ಲಿ ಕಾಲು ಚಾಚಿ ಕೂದಲು ಒಣಗಿಸುತ್ತಿದ್ದುದನ್ನು ನೋಡಿ ನೋಡಿ, ಅಳುಕು ಹೊಟ್ಟೆಯುರಿಯಾಯಿತು. ತಪ್ಪು ಮಾಡಿದವಳು ನಾನು, ದುಡ್ಡು ಮಾತ್ರ ಇವಳಿಗೆ!

ಆ ಸಂಜೆ ಚಿಕ್ಕವಳೇ ನೀರು ತಂದುಕೊಟ್ಟಳು.

"ಅಕ್ಕ, ಪಕ್ಕದೂರಿನ ಬೀಜದವರು ಕೆಲಸ ಕೊಡ್ತಾರಂತೆ. ಮನೆಯಲ್ಲೇ ಎಣಿಸಬಹುದಂತೆ."

"ಮಹಾರಾಣಿ ಯೋಗ ಬಿಡು ನಿಂದು."

"ಆ ಹನ್ನೆರಡು ತಟ್ಟೆ ಯಾಕೆ ತಪ್ಪಾಯ್ತು ಅಂತ ಕೇಳ್ತಿದಾರೆ. ನಾನು ಎಣಿಸಿದ್ದಲ್ಲ ಅಂತ ಎರಡು ಸಾಲು ಬರ್ಕೊಡಕ್ಕ. ನಾಳೆಯೇ ಕೊನೆ."

"ಬರೆದ್ರೆ ನನ್ನ ಗತಿ? ಸುಳ್ಳು ಸಹಿ ಹಾಕಿದೋಳಿಗೆ ಆರು ತಿಂಗಳಲ್ಲ, ಆರು ದಿನದ ಸಂಬಳಾನೂ ಕೊಡಲ್ಲ."

"ನಿಮ್ಮ ಕಂಪನಿಗೆ ಹೇಳಲ್ಲ ಅಂದಿದಾರೆ."

ದೊಡ್ಡವಳು ಲೋಟ ಕೆಳಗಿಟ್ಟಳು. ಬರೆಯಬೇಕೆಂದು ಅವಳಿಗೂ ಗೊತ್ತಿತ್ತು. ಆದರೆ ಇವಳ ಕೈಯಲ್ಲಿ ಅಷ್ಟು ದುಡ್ಡು, ಅದರ ಮೇಲೆ ಮನೆಯಲ್ಲೇ ಕೆಲಸ. ತನಗೆ ಮಾತ್ರ ಆ ಬಸ್ಸು, ಆ ಚಪ್ಪಲಿ ಸದ್ದು. ನಾಲಿಗೆ ಜಾರಿತು.

"ಬರ್ಕೊಡ್ತೀನಿ. ಬಂದಿರೋದ್ರಲ್ಲಿ ಅರ್ಧ ನನಗೆ ಕೊಡ್ತೀಯಾ?"

ಚಿಕ್ಕವಳು ತಮಾಷೆಯೆಂದು ನಕ್ಕಳು. ಅಕ್ಕನ ಮುಖ ನೋಡುತ್ತಿದ್ದಂತೆ ನಗು ಇಂಗಿತು.

"ಇಷ್ಟು ದಿನ ಇದನ್ನೇ ಯೋಚಿಸ್ತಿದ್ಯಾ?"

ದೊಡ್ಡವಳು ಚೀಲದಿಂದ ಬುತ್ತಿ ಡಬ್ಬಿ ತೆಗೆಯತೊಡಗಿದಳು.

"ಬೇಡ ಬಿಡಕ್ಕ." ಚಿಕ್ಕವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ದೊಡ್ಡವಳು ಆ ಎರಡು ಸಾಲನ್ನು ಮನಸ್ಸಿನಲ್ಲೇ ಚೊಕ್ಕವಾಗಿ ಬರೆದಳು. ಚೀಲದಲ್ಲಿ ಪೆನ್ನಿತ್ತು. ಕಚೇರಿಯ ನಿಲ್ದಾಣ ಬಂದಾಗ ಇಳಿದು, ತಡವಾಯಿತೆಂದು ಬೇಗ ಬೇಗ ನಡೆದಳು.