ಗಡಿಯಾರದ ವೈರು

ಡ್ಯಾಟ್ಸನ್ ಕಾರಿನ ಬ್ಯಾಟರಿ ಮೂರನೆಯ ಭಾನುವಾರವೂ ಸತ್ತು ಕೂತಾಗ ಬ್ಲಾಗೋಯ ಬಾನೆಟ್ ಎತ್ತಲಿಲ್ಲ, ಹಿತ್ತಿಲ ಕಡೆ ತಿರುಗಿ ನೋಡಿದ. ಹಿತ್ತಿಲ ಚಿಕ್ಕ ಮನೆಯಲ್ಲಿ ಅವನ ಮಗಳು ವೆಸ್ನಾಳೂ ಅಳಿಯ ಬ್ರೆಟ್ಟನೂ ಇದ್ದರು. ಅಳಿಯ ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ದವನು ಮಾವನನ್ನು ಕಂಡು ಬ್ರಷ್ ಹಿಡಿದ ಕೈಯನ್ನೇ ಬೀಸಿದ. ಬೆಳಗಾಗೆದ್ದು ಕಾರು ಕೆಟ್ಟು ನಿಂತವನನ್ನು ನೋಡಿ ಇಷ್ಟು ಖುಷಿಯಾಗಿ ಕೈ ಬೀಸುವವನು ಸಾಚಾ ಆಗಿರಲು ಸಾಧ್ಯವೇ? ಸಾಧ್ಯವಿಲ್ಲ ಎಂದು ಬ್ಲಾಗೋಯ ನಿಂತಲ್ಲೇ ತೀರ್ಪು ಕೊಟ್ಟುಬಿಟ್ಟ.

ಆ ಕಾರೆಂದರೆ ಅವನಿಗೆ ಎರಡನೆಯ ಪ್ರಾಣ. ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಕಾಲದಲ್ಲಿ, ಯಾರದೋ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಆ ಎರಡು ಸೀಟಿನ ಹಳೆಯ ಓಟದ ಕಾರನ್ನು ಕೊಂಡು ತಂದು, ತುಕ್ಕು ಕೆರೆದು, ತುಂಡು ತುಂಡಾಗಿ ಬೆಸೆದು ಎಬ್ಬಿಸಿ ನಿಲ್ಲಿಸಿದ್ದ. ಅದಕ್ಕೆ ಹೊಸದಾಗಿ ಒಂದು ತೂತು ಕೊರೆಯಲೂ ಯಾರನ್ನೂ ಬಿಟ್ಟವನಲ್ಲ. ಆದರೆ ಎಂಜಿನ್ನಿನ ಗದ್ದಲದಲ್ಲಿ ಹಳೆಯ ರೇಡಿಯೊ ನೊಣದ ಹಾಗೆ ಗುಂಯ್‌ಗುಟ್ಟುತ್ತಿತ್ತು. ಸಮುದ್ರದಾಚೆ ಬಿಟ್ಟುಬಂದ ತನ್ನೂರು ಬಿತೋಲದ ಹಾಡುಗಳನ್ನು ಗಟ್ಟಿಯಾಗಿ ಕೇಳುತ್ತ ಸಮುದ್ರದ ದಾರಿಯಲ್ಲಿ ಹೋಗಬೇಕೆಂಬ ಆಸೆ ಈ ವಯಸ್ಸಿನಲ್ಲಿ ಹುಟ್ಟಿತ್ತು. ಹಾಗಾಗಿ ದನಿ ಹೆಚ್ಚಿಸುವ ಒಂದು ಆಂಪ್ಲಿಫೈಯರ್ ಪೆಟ್ಟಿಗೆ ತಂದ.

ಕಾರಿನ ವೈರಿಂಗೇ ಕಸುಬಾದ ಗೆಳೆಯನೊಬ್ಬನಿದ್ದಾನೆ, ಅರ್ಧ ದಿನದಲ್ಲಿ ಜೋಡಿಸಿಕೊಡುತ್ತಾನೆ ಎಂದು ಬ್ರೆಟ್ ಹೇಳಿ ನೋಡಿದ್ದ. ಬ್ಲಾಗೋಯ ಕೇಳಲಿಲ್ಲ. ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ತಾನೇ ಕೂತು ಬ್ಯಾಟರಿಯಿಂದ ದಪ್ಪನೆಯ ಕೆಂಪು ವೈರೆಳೆದ, ಪಕ್ಕದಲ್ಲೇ ಫ್ಯೂಸ್ ಕೂರಿಸಿದ, ವೈರನ್ನು ಕಾರ್ಪೆಟ್ಟಿನ ಅಡಿಯಲ್ಲಿ ಹಿಂದಕ್ಕೆ ಒಯ್ದ. ಸೀಟುಗಳ ಹಿಂದೆ ಕಾರ್ಪೆಟ್ ಹೊದಿಸಿದ ಮುಚ್ಚಳಗಳ ಎರಡು ಪುಟ್ಟ ಗೂಡುಗಳಿದ್ದವು. ಬಲಗಡೆಯದರಲ್ಲಿ ಪಾನಾ, ಸ್ಕ್ರೂಡ್ರೈವರು. ಎಡಗಡೆಯದರಲ್ಲಿ ಆಂಪ್ಲಿಫೈಯರನ್ನು ಮಲಗಿಸಿದ. ಸೀಟಿನ ಹಳೆಯ ಬೋಲ್ಟಿನ ಬುಡದಲ್ಲಿ ಬಣ್ಣ ಕೆರೆದು, ಬೋಳು ತಗಡಿಗೆ ಅರ್ಥಿಂಗ್ ಕೊಟ್ಟ. ಹೊಸ ತೂತು ಒಂದೂ ಇಲ್ಲ! ಉಳಿದದ್ದು, ಆಂಪ್ಲಿಫೈಯರನ್ನು ಎಬ್ಬಿಸುವ ಸಣ್ಣ ನೀಲಿ ವೈರು. ಅದಕ್ಕೆ ಕರೆಂಟ್ ಬಂದರೆ ಪೆಟ್ಟಿಗೆ ಏಳುತ್ತದೆ, ನಿಂತರೆ ಮಲಗುತ್ತದೆ. ಹೊಸ ರೇಡಿಯೊಗಳಲ್ಲಿ ಅದಕ್ಕೆಂದೇ ಒಂದು ತುದಿ ಇರುತ್ತದೆ, ಇವನ ಮುದಿ ರೇಡಿಯೊದಲ್ಲಿ ಎಲ್ಲಿಂದ ಬರಬೇಕು? ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ, ಕೆಟ್ಟು ಕೂತಿದ್ದ ಗಡಿಯಾರದ ವೈರನ್ನು ಹುಡುಕಿ, ಕರೆಂಟ್ ಇದೆಯೇ ಎಂದು ನೋಡಲು ಟೆಸ್ಟ್ ಲ್ಯಾಂಪ್ ಹಿಡಿದ. ದೀಪ ಹತ್ತಿತು, ಅದಕ್ಕೇ ಜೋಡಿಸಿದ. ಹಾಡು ಮೊಳಗಿದಾಗ ಹೆಂಡತಿ ರಿಸ್ತಾನ ಅಡುಗೆಮನೆಯಿಂದಲೇ ಕುಣಿದಳು.

ವಾರಕ್ಕೊಮ್ಮೆ ಭಾನುವಾರ ಮಾತ್ರ ಕಾರು ತೆಗೆಯುವವನಿಗೆ ಆಮೇಲಿನ ಭಾನುವಾರದಿಂದಲೇ ಈ ಬ್ಯಾಟರಿ ಸಾಯುವ ಕಾಟ ಶುರುವಾದದ್ದು. ಮೊದಲ ಸಲ ಹಳೆಯದಾಯಿತೆಂದು ಹೊಸ ಬ್ಯಾಟರಿ ಹಾಕಿದ. ಅದೂ ಸತ್ತಿತು. ಎರಡನೆಯ ಸಲ ಅವನ ತಲೆಗೆ ಹುಳ ಹೊಕ್ಕಿತು. ಸೀಟು ಯಾಕೆ ಮುಂದೆ ಸರಿದಿದೆ? ಗ್ಯಾರೇಜಿನ ಬೀಗದ ಕೈ, ಕಾರಿನ ಕೀಲಿ ಎಲ್ಲಿರುತ್ತವೆಂದು ಮನೆಯಳಿಯನಿಗೆ ಗೊತ್ತಿಲ್ಲವೇ? ಮಿತಿಮೀರಿ ಓಡಿಸಿ ಲೈಸೆನ್ಸ್ ಕಳೆದುಕೊಂಡು ಮೊನ್ನೆ ಮೊನ್ನೆ ವಾಪಸ್ ಪಡೆದವನು ಯಾರು? ಬ್ಲಾಗೋಯ ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದ. ಮೂರನೆಯ ಭಾನುವಾರ ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವನು, ‘ಎಲಾ, ಗೆರೆಗೆ ಸರಿಯಾಗಿ ತಂದು ನಿಲ್ಲಿಸುವಷ್ಟು ಪಳಗಿದ ಕಳ್ಳ!’ ಎಂದುಕೊಂಡ. ಕಾಮಾಲೆ ಕಣ್ಣಿಗೆ ಸೀಮೆಸುಣ್ಣವೂ ಹಳದಿ.

ಆದರೆ ಕಿಲೋಮೀಟರ್ ಮೀಟರೂ ಒಂದಿಷ್ಟೂ ಓಡಿರಲಿಲ್ಲ. ಹಾಗಿದ್ದರೆ ಅವನು ಕಾರು ಓಡಿಸುತ್ತಿಲ್ಲ, ಒಳಗೆ ಕೂತು ಹಾಡು ಹಾಕಿಕೊಳ್ಳುತ್ತಿದ್ದಾನೆ. ಇರಲು ಮನೆಯಿದ್ದೂ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಕೂರುವವನಿಗೆ ಅಲ್ಲಿ ಏನು ಕೆಲಸ? ಫೋನು! ಚಿಕ್ಕ ಮನೆಯ ತಗಡಿನ ಮಾಡಿನ ಕೆಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಬ್ರೆಟ್ ಫೋನ್ ಹಿಡಿದು ಗ್ಯಾರೇಜಿನ ಕಡೆಗೇ ಬರುತ್ತಿದ್ದುದನ್ನು ಇವನು ಎಷ್ಟು ಸಲ ನೋಡಿಲ್ಲ. ಯಾರೊಂದಿಗೆ ಅಷ್ಟು ಗುಟ್ಟಿನ ಮಾತು? ಹೊರಗೆ ಕೇಳಿಸಬಾರದೆಂದು ಹಾಡು ಬೇರೆ. ಮಗಳಿಗೆ ಹೇಳಲೋ ಬೇಡವೋ ಎಂದು ಒಂದು ದಿನ ಒದ್ದಾಡಿ, ಮರುದಿನ ಹೇಳಿಯೇ ಬಿಟ್ಟ.

ವೆಸ್ನಾ ನಗುತ್ತಾಳೆಂದುಕೊಂಡಿದ್ದ, ನಗಲಿಲ್ಲ. ಆ ಫೋನು ಅವಳನ್ನೂ ಒಳಗೊಳಗೇ ಕೊರೆಯುತ್ತಿತ್ತೆಂದು ಅವನಿಗೆ ಆಗ ತಿಳಿಯಿತು. ಸಂಜೆ ಬ್ರೆಟ್ ಬಂದ ಕೂಡಲೇ ಅಂಗಳದಲ್ಲೇ ಕೇಳಿದಳು. ಬ್ರೆಟ್ಟನ ಮುಖ ಕೆಂಪಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ, ನೋಡಿ, ಎಂದು ಬ್ಲಾಗೋಯ ಮನಸ್ಸಿನಲ್ಲೇ ಗೆದ್ದ.

“ಆ ಕಾರಿನ ಬಾಗಿಲೂ ನಾನು ಮುಟ್ಟಿಲ್ಲ,” ಎಂದ ಬ್ರೆಟ್. “ಫೋನಲ್ಲಿ ಮಾತಾಡೋದು ನಮ್ಮಣ್ಣನ ಹತ್ರ, ಕೆಲಸದವ್ರ ಹತ್ರ. ಬೇಕಾದ್ರೆ ನೋಡು, ತಗೋ.”

ವೆಸ್ನಾ ಚಾಚಿದ ಫೋನನ್ನು ತೆಗೆದುಕೊಳ್ಳಲಿಲ್ಲ. ಅಳಿಸಿಹಾಕಲು ಎಷ್ಟು ಹೊತ್ತು ಬೇಕು ಅಂದಳು. ಬ್ರೆಟ್ ಫೋನನ್ನು ಜೇಬಿಗಿಳಿಸಿದ. ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು ಡಾಪ್ಟೋದಲ್ಲಿದ್ದ ಅಣ್ಣನ ಮನೆಗೆ ಹೊರಟುಹೋದ.

“ಬರೋ ಭಾನುವಾರ ನೋಡೋಣ ಅಪ್ಪ,” ಎಂದಳು ವೆಸ್ನಾ. “ಅವನು ಇಲ್ಲದಿರುವಾಗ ಕಾರು ಶುರುವಾದ್ರೆ ನೀನು ಹೇಳಿದ್ದು ನಿಜ. ಆಮೇಲೆ ನಾನು ಅವನ ಮುಖ ನೋಡಲ್ಲ.”

ಮಗಳ ಸಂಸಾರ ಒಂದು ಬ್ಯಾಟರಿಯ ಮೇಲೆ ಬಂದು ಕೂತಿತು. ಬ್ಲಾಗೋಯ ಗುರುವಾರ ಸಂಜೆಯವರೆಗೆ ಚಾರ್ಜರ್ ಹಾಕಿಟ್ಟು, ಆಮೇಲೆ ಕಳಚಿ, ಗ್ಯಾರೇಜಿಗೆ ಹೊಸ ಬೀಗ ಜಡಿದ. ಅದರ ಕೀಲಿಯನ್ನೂ ಕಾರಿನ ಕೀಲಿಯನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಮಲಗಿದ.

ಶನಿವಾರ ಅಂಗಳದಲ್ಲಿ ಅಯ್ವಾರ್ ಎಂಬ ಮೆಣಸಿನಕಾಯಿ ಚಟ್ನಿ ಮಾಡುವ ಸಂಭ್ರಮ. ವರ್ಷಕ್ಕಾಗುವಷ್ಟು ಕೆಂಪು ದಪ್ಪ ಮೆಣಸಿನಕಾಯಿಯನ್ನು ರಿಸ್ತಾನ ಗ್ಯಾಸ್ ಒಲೆಯ ಮೇಲೆ ಸುಡುತ್ತಿದ್ದಳು, ವೆಸ್ನಾ ಸಿಪ್ಪೆ ಸುಲಿಯುತ್ತಿದ್ದಳು. ಗ್ಯಾಸಿನ ಕೊಳವೆ ಸಡಿಲವಾಗಿದೆ, ಪಾನಾ ತಾ ಎಂದು ರಿಸ್ತಾನ ಗಂಡನನ್ನು ಅಟ್ಟಿದಳು. ಬ್ಲಾಗೋಯ ಗ್ಯಾರೇಜು ತೆರೆದು ಕಾರಿನ ಎಡಬಾಗಿಲಿನಿಂದ ಒಳಕ್ಕೆ ಬಗ್ಗಿ, ಬಲಗಡೆಯ ಗೂಡಿಗೆ ಕೈ ಚಾಚುವಾಗ ಇನ್ನೊಂದು ಅಂಗೈಯನ್ನು ಎಡಗಡೆಯ ಮುಚ್ಚಳದ ಮೇಲೆ ಊರಿದ.

ಕಾರ್ಪೆಟ್ ಬೆಚ್ಚಗಿತ್ತು.

ಬೆಕ್ಕು ಮಲಗಿ ಎದ್ದು ಹೋಗಿರಬೇಕೆಂದುಕೊಂಡ. ಬೀಗ ಹಾಕಿದ ಗ್ಯಾರೇಜಿಗೆ, ಗಾಜೇರಿಸಿದ ಕಾರಿನೊಳಕ್ಕೆ ಯಾವ ಬೆಕ್ಕು? ಮುಚ್ಚಳ ಎತ್ತಿದ. ಆಂಪ್ಲಿಫೈಯರಿನ ಮೂಲೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಕಾರಿನ ಕೀಲಿಯೋ ಅವನ ಜೇಬಿನಲ್ಲೇ ಇತ್ತು.

ಅವತ್ತು ಟೆಸ್ಟ್ ಲ್ಯಾಂಪ್ ಹಿಡಿದಾಗ ಕಾರಿನ ಕೀಲಿ ತಿರುಗಿಸಿತ್ತು. ಕೀಲಿ ತೆಗೆದ ಮೇಲೂ ದೀಪ ಹತ್ತುತ್ತದೆಯೇ ಎಂದು ಅವನು ನೋಡಿರಲೇ ಇಲ್ಲ. ಕಾರು ನಿಂತರೂ ಗಡಿಯಾರ ನಡೆಯಬೇಕಲ್ಲ, ಅದರ ವೈರಿನಲ್ಲಿ ಹಗಲೂ ರಾತ್ರಿ ಕರೆಂಟ್ ಇರುತ್ತದೆ. ಗಡಿಯಾರ ಸತ್ತಿದ್ದರೇನು, ವೈರು ಬದುಕಿತ್ತು. ಅದಕ್ಕೆ ಕಟ್ಟಿದ ಪೆಟ್ಟಿಗೆ ಒಂದು ಕ್ಷಣವೂ ಮಲಗದೆ ವಾರವೆಲ್ಲ ಬ್ಯಾಟರಿಯನ್ನು ಹೀರಿತ್ತು. ಭಾನುವಾರ ಇವನು ಬರುವಷ್ಟರಲ್ಲಿ ಬ್ಯಾಟರಿ ಸತ್ತು, ದೀಪ ಆರಿ, ಪೆಟ್ಟಿಗೆಯೂ ತಣ್ಣಗಾಗಿರುತ್ತಿತ್ತು. ಕಳ್ಳನ ಗುರುತೇ ಇರುತ್ತಿರಲಿಲ್ಲ. ಆ ಮುಂದೆ ಸರಿದ ಸೀಟು? ಈ ಮುಚ್ಚಳ ಎತ್ತಲು ತಾನೇ ಸರಿಸಿದ್ದು.

ಬ್ಲಾಗೋಯ ನೀಲಿ ವೈರನ್ನು ಹಿಡಿದು ಕಿತ್ತ. ದೀಪ ಆರಿತು. ಅವನು ಕೆಟ್ಟವನಲ್ಲ, ಆದರೆ ಆ ಹೊತ್ತಿನಲ್ಲಿ ಅವನಿಗೆ ಹೊಳೆದದ್ದು ಒಳ್ಳೆಯದೇನಲ್ಲ. ನಾಳೆ ಕಾರು ಶುರುವಾಗುತ್ತದೆ. ತಾನು ಹೇಳಿದ್ದೇ ನಿಜವಾಗುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಈ ವಯಸ್ಸಿನಲ್ಲಿ ಹೆಂಡತಿ ಮಕ್ಕಳ ಮುಂದೆ ಮೂರ್ಖನೆನಿಸಿಕೊಳ್ಳುವುದು ತಪ್ಪುತ್ತದೆ. ಮುಚ್ಚಳ ಮುಚ್ಚಿ, ಪಾನಾ ತೆಗೆದುಕೊಂಡು ಹೊರಗೆ ಬಂದ.

ರಿಸ್ತಾನ ಅವನ ಕಿವಿಯ ಹತ್ತಿರ ಬಗ್ಗಿ, ಮಗಳು ಬ್ರೆಟ್ಟನ ಉಳಿದ ಬಟ್ಟೆಗಳನ್ನೂ ರಟ್ಟಿನ ಡಬ್ಬಕ್ಕೆ ತುಂಬಿಟ್ಟಿದ್ದಾಳೆ, ಸೋಮವಾರ ವಕೀಲರಲ್ಲಿಗೆ ಹೋಗುತ್ತಾಳಂತೆ ಎಂದು ಪಿಸುಗುಟ್ಟಿದಳು. ವೆಸ್ನಾಳ ಕಣ್ಣುಗಳು ಊದಿಕೊಂಡಿದ್ದವು, ಹೊಗೆಯಿಂದ ಎನ್ನುತ್ತಿದ್ದಳು. ಮಸಿ ಹತ್ತಿದ ಬೆರಳುಗಳಿಂದ ಮೆಣಸಿನಕಾಯಿ ಸುಲಿಯುತ್ತಲೇ ತಲೆಯೆತ್ತಿ ಕೇಳಿದಳು.

“ಅಪ್ಪ, ನಾಳೆ ಕಾರು ಶುರುವಾಗುತ್ತೆ ಅಂತ ನಿನಗೆ ಖಾತ್ರಿನಾ?”

ಖಾತ್ರಿ. ಇಷ್ಟು ದಿನ ಬರಿಯ ಅನುಮಾನವಿತ್ತು, ಖಾತ್ರಿಯಾದದ್ದು ಈಗ. ಅವನು ಮಗಳ ಊದಿದ ಕಣ್ಣುಗಳನ್ನು ನೋಡಿದ. ಅಷ್ಟರಲ್ಲಿ ಅವನಿಗೆ ನೆನಪಾಯಿತು: ಒಳಗೆ ಆ ಪೆಟ್ಟಿಗೆ ತಣ್ಣಗಾಗುತ್ತಿದೆ.

“ಏಳು, ಬೇಗ ಬಾ,” ಎಂದು ಮಗಳ ತೋಳು ಹಿಡಿದು ಎಳೆದುಕೊಂಡೇ ಹೋದ. ಮುಚ್ಚಳ ಎತ್ತಿ ಅವಳ ಮಸಿ ಕೈಯನ್ನು ಲೋಹದ ಮೇಲೆ ಇಟ್ಟ. “ಬಿಸಿ ಇದೆಯಾ, ಇಲ್ವಾ? ಎರಡೂ ಕೀಲಿ ನನ್ನ ಜೇಬಲ್ಲಿದ್ವು. ಬ್ರೆಟ್ ಡಾಪ್ಟೋದಲ್ಲಿದ್ದಾನೆ. ನಾನೇ ಕಣಮ್ಮ. ವೈರು ತಪ್ಪು ಕೊಟ್ಟಿದ್ದು ನಾನೇ.”

ವೆಸ್ನಾ ಬಹಳ ಹೊತ್ತು ಕೈ ತೆಗೆಯಲಿಲ್ಲ. ಬೈದಿದ್ದರೆ ಬ್ಲಾಗೋಯ ಬದುಕಿಕೊಳ್ಳುತ್ತಿದ್ದ. ಬೈಯುವ ಕೆಲಸವನ್ನು ರಿಸ್ತಾನ ವಹಿಸಿಕೊಂಡಳು. ಕತ್ತೆಗೆ ವಯಸ್ಸಾದರೆ ಕುದುರೆಯಾಗುತ್ತದೆಯೇ, ಅಳಿಯನ ಗೆಳೆಯನಿಂದ ಮಾಡಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೀದಿಯ ಕೊನೆಯವರೆಗೂ ಕೇಳುವಂತೆ ಜಾಡಿಸಿದಳು. ಬ್ಲಾಗೋಯ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಮೆಣಸಿನಕಾಯಿ ಬೆಂಕಿಯ ಮೇಲೆ ಸೀದು ಕರಕಲಾಗುತ್ತಿತ್ತು.

ತಂದೆ ಮಗಳು ಡ್ಯಾಟ್ಸನ್‌ನಲ್ಲೇ ಡಾಪ್ಟೋಗೆ ಹೋದರು. ದಾರಿಯುದ್ದಕ್ಕೂ ಹಾಡು ಇರಲಿಲ್ಲ. ಬ್ರೆಟ್ ಅಣ್ಣನ ಅಂಗಳದಲ್ಲಿ ಹುಲ್ಲಿಗೆ ನೀರು ಬಿಡುತ್ತಿದ್ದ. ಬ್ಲಾಗೋಯ ಕಾರಿನಿಂದ ಇಳಿದವನೇ, ಕೈಕುಲುಕುವುದಕ್ಕೂ ಮೊದಲು, ಕೀಲಿಯಿಂದ ಹಿಡಿದು ಗಡಿಯಾರದವರೆಗೆ ಒಂದೂ ಬಿಡದೆ ಒಪ್ಪಿಸಿದ. ವೈರು ಕಿತ್ತು ಬಾಯಿ ಮುಚ್ಚಿಕೊಂಡಿರೋಣ ಎಂದುಕೊಂಡದ್ದನ್ನೂ ಮುಚ್ಚಿಡಲಿಲ್ಲ. ಕ್ಷಮಿಸು ಎನ್ನುವ ಪದ ಅವನ ಇಂಗ್ಲಿಷಿನಲ್ಲಿ ಯಾವಾಗಲೂ ತೊದಲುತ್ತಿತ್ತು, ಆದರೂ ಎರಡು ಸಲ ಹೇಳಿದ.

“ಗಡಿಯಾರದ ವೈರಿಗಾ?” ಬ್ರೆಟ್‌ಗೆ ನಗು ಬಂದುಬಿಟ್ಟಿತು. “ಬ್ಲಾಗೋ, ನನ್ನ ಗೆಳೆಯ ಕೇಳಿದ್ರೆ ಒಂದು ವರ್ಷ ನಿಮ್ಮನ್ನ ಗೋಳುಹೊಯ್ಕೋತಾನೆ.” ಮಾವನ ಭುಜವನ್ನೂ ತಟ್ಟಿದ. ಮುಗಿಯಿತು, ಉಳಿದೆ, ಎಂದು ಬ್ಲಾಗೋಯ ಉಸಿರು ಬಿಟ್ಟ.

ಬ್ರೆಟ್ ಕೊಳಾಯಿ ನಿಲ್ಲಿಸಿ ಬಂದು ವೆಸ್ನಾಳ ಎದುರು ನಿಂತ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

“ಆ ವೈರು ಸಿಗದೇ ಹೋಗಿದ್ರೆ?” ಎಂದು ಮೆಲ್ಲಗೆ ಕೇಳಿದ.

ಏನಾದರೂ ಹೇಳೇ, ಸುಳ್ಳನ್ನಾದರೂ ಹೇಳೇ ಎಂದು ಬ್ಲಾಗೋಯ ಒಳಗೊಳಗೇ ಮಗಳಿಗೆ ಅಂಗಲಾಚಿದ. ವೆಸ್ನಾ ಕಪ್ಪಾದ ತನ್ನ ಬೆರಳುಗಳನ್ನು ನೋಡಿಕೊಂಡಳು.

“ಬರ್ತಿರಲಿಲ್ಲ. ನಿನ್ನ ಬಟ್ಟೆಗಳನ್ನೆಲ್ಲ ಡಬ್ಬಕ್ಕೆ ತುಂಬಿಟ್ಟಿದ್ದೆ,” ಎಂದಳು.

ಬ್ರೆಟ್ ತಲೆಯಾಡಿಸಿದ. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದ. ಇವತ್ತು ಬರುವುದಿಲ್ಲ, ಯಾವಾಗ ಬರುತ್ತೇನೋ ಗೊತ್ತಿಲ್ಲ, ಬಟ್ಟೆಗಳ ಡಬ್ಬ ಹಾಗೇ ಇರಲಿ, ಬಿಚ್ಚಬೇಡ ಎಂದ. ಅವನು ಒಳಗೆ ಹೋದ ಮೇಲೂ ವೆಸ್ನಾ ಅಂಗಳದಲ್ಲಿ ನಿಂತೇ ಇದ್ದಳು. ಬ್ಲಾಗೋಯ ಕಾರಿಗೆ ಹೋಗಿ ಕೂತು ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಅವನು ಅದನ್ನು ಆರಿಸಿ, ಮಗಳು ಬರುವವರೆಗೆ ಸುಮ್ಮನೆ ಕೂತ.