ದುಗ್ಗಪ್ಪಣ್ಣನ ಬಸ್ಸು ಎಡವಿದ್ದು

ದುಗ್ಗಪ್ಪ ಗೌಡರು ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ, ಮತ್ತೆ ಇಳಿದು ಪುತ್ತೂರಿಗೆ. ನಿವೃತ್ತಿಗೆ ಎಂಟು ತಿಂಗಳಿರುವಾಗ ಸಣ್ಣದೊಂದು ಸ್ಟ್ರೋಕ್ ಆಗಿ ಎಡಗೈ, ಎಡಗಾಲು ನಿಧಾನವಾದವು. ಕೈಗೆ ಕೆಲಸ ಕೊಡುತ್ತಿರಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಮಗ ಹರಿಪ್ರಸಾದ ಒಂದು ಕಂಪ್ಯೂಟರ್, ಮೇಜಿಗೆ ಬಿಗಿಯುವ ಸ್ಟೇರಿಂಗ್, ಕಾಲಡಿಗೆ ಇಡುವ ಪೆಡಲುಗಳನ್ನು ತಂದು ಬಸ್ಸು ಓಡಿಸುವ ಗೇಮ್ ಹಾಕಿಸಿಕೊಟ್ಟ. ಜಾಲ್ಸೂರಿನ ಮನೆಯಲ್ಲಿ ದಿನಾ ಮಧ್ಯಾಹ್ನ ಊಟವಾದ ಮೇಲೆ ದುಗ್ಗಪ್ಪ ಬಸ್ಸು ಹೊರಡಿಸುತ್ತಿದ್ದರು. ಮನೆಯಲ್ಲಿ ಯಾರೂ ನಗಲಿಲ್ಲ. ಆರು ತಿಂಗಳಲ್ಲಿ ಎಡಗೈಯ ಬೆರಳುಗಳು ಮಡಚಲು ಬಂದಿದ್ದವು.

ಆ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವನು ಸುಳ್ಯದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಕೃಷ್ಣಮೋಹನ. ಏಪ್ರಿಲಿನಲ್ಲಿ ಅದರ ಡಿಸ್ಕ್ ಕೆಟ್ಟಾಗ ಹೊಸದು ಹಾಕಿ ವಿಂಡೋಸ್ ತುಂಬಿ ಕಳಿಸಿದ್ದ. ಜೂನಿನ ಒಂದು ಬೆಳಿಗ್ಗೆ ದುಗ್ಗಪ್ಪ ಸಿಪಿಯು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬಂದಿಳಿದರು.

"ಬಸ್ಸು ಎಡವ್ತದೆ ಮಾರಾಯ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ್ರೆ ಒಂದು ಗಳಿಗೆ ನಿಂತು, ಮತ್ತೆ ಮುಂದೆ ಎಲ್ಲಿಯೋ ಕಾಣುದು. ನಡುವಿನ ರಸ್ತೆಯೇ ಇಲ್ಲ."

ಕೃಷ್ಣಮೋಹನ ಡಬ್ಬ ಬಿಚ್ಚಿ ಧೂಳು ಊದಿದ. ಪ್ರೊಸೆಸರಿನ ಮೇಲೆ ಹೊಸ ಪೇಸ್ಟ್ ಹಚ್ಚಿದ. ರ್‍ಯಾಮ್ ತೆಗೆದು ಒರೆಸಿ ಕೂರಿಸಿದ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಬದಲಿಸಿದ. ಆಮೇಲೆ ಎಂದಿನಂತೆ ಪರದೆಯ ಒಂದು ಮೂಲೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಯಾವುದಕ್ಕೆ ಎಷ್ಟು ಭಾರ ಬೀಳುತ್ತಿದೆ ಎಂದು ನೋಡುತ್ತ ಗೇಮ್ ಓಡಿಸಿದ. ಬಸ್ಸು ಎಣ್ಣೆ ಜಾರಿದಂತೆ ಹೋಯಿತು. ಅರ್ಧ ಗಂಟೆ ಓಡಿಸಿದರೂ ಅಷ್ಟೇ.

ಸಂಜೆ ಬಂದ ದುಗ್ಗಪ್ಪನಿಗೆ ಅವನು ನಗುತ್ತಲೇ ಹೇಳಿದ: "ಕಂಪ್ಯೂಟರಿಗೆ ಎಂತ ಆಗ್ಲಿಲ್ಲ ದುಗ್ಗಪ್ಪಣ್ಣ. ನಿಮ್ಮ ಕಣ್ಣನ್ನೇ ಒಮ್ಮೆ ಡಾಕ್ಟರಿಗೆ ತೋರಿಸಿ."

"ನಿನಗೆ ಒಂದು ಸಲವೂ ಕಾಣ್ಲಿಲ್ವ?"

"ಇಲ್ಲ."

ಡಬ್ಬ ಎತ್ತಿಕೊಂಡು ಹೋಗುವಾಗ ದುಗ್ಗಪ್ಪನ ಎಡಗಾಲು ಎಂದಿಗಿಂತ ಹೆಚ್ಚು ಎಳೆಯುತ್ತಿತ್ತೋ ಏನೋ. ಆಗ ಅದನ್ನು ಗಮನಿಸುವ ಪುರುಸೊತ್ತು ಕೃಷ್ಣಮೋಹನನಿಗೆ ಇರಲಿಲ್ಲ.

ಮೂರು ವಾರ ಕಳೆದು ಹರಿಪ್ರಸಾದನ ಹೆಂಡತಿ ಸುರಕ್ಷಾ ಫೋನ್ ಮಾಡಿದಳು.

"ಮೋಹನಣ್ಣ, ನೀವು ಮಾವನ ಹತ್ರ ಎಂತ ಹೇಳಿದ್ದು?"

ಅವಳ ಸ್ವರದಲ್ಲೇ ಅವನಿಗೆ ಏನೋ ತಪ್ಪಿದೆ ಎಂದು ತಿಳಿಯಿತು. ಅಂದು ಮನೆಗೆ ಹೋದವರು ಗೇಮ್ ಮುಟ್ಟಿಲ್ಲವಂತೆ. ತಲೆ ಸುತ್ತುತ್ತದೆ ಎಂದು ಹೇಳಿ ತಾವಾಗಿಯೇ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದ್ದಾರೆ. ಹೊಸದೇನೂ ಇಲ್ಲ ಎಂದು ಡಾಕ್ಟರು ಹೇಳಿದರೂ ನಂಬಿಲ್ಲ. ಒಂದೂವರೆ ವರ್ಷದ ಮೊಮ್ಮಗಳು ಯಶಸ್ವಿಯನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಯಾಕೆಂದು ಅತ್ತೆ ಕಮಲಾವತಿ ಒತ್ತಾಯಿಸಿ ಕೇಳಿದಾಗ ನಿನ್ನೆಯಷ್ಟೇ ಬಾಯಿ ಬಿಟ್ಟರಂತೆ: ನಡುನಡುವೆ ನನ್ನ ಮಂಡೆ ನಿಂತುಹೋಗ್ತದೆ, ಎತ್ತಿಕೊಂಡಿರುವಾಗಲೇ ನಿಂತರೆ ಮಗು ಬೀಳ್ತದೆ ಎಂದು.

"ಅದನ್ನು ಕೇಳಿ ನಾನೇ ಕೂತು ಆ ಬಸ್ಸು ಓಡಿಸಿದೆ," ಎಂದಳು ಸುರಕ್ಷಾ. "ಎಡವುದು ನನಗೂ ಕಾಣ್ತದೆ. ನನಗೂ ಸ್ಟ್ರೋಕ್ ಆಗಿದೆಯ ಹಾಗಾದ್ರೆ?"

ಕೃಷ್ಣಮೋಹನ ಅಂಗಡಿಯ ಬಾಗಿಲು ಎಳೆದು ಆಗಲೇ ಜಾಲ್ಸೂರಿಗೆ ಹೊರಟ.

ದುಗ್ಗಪ್ಪ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. "ಬಂದೆಯ," ಎಂದರು, ಎದ್ದು ಒಳಗೆ ಬರಲಿಲ್ಲ. ಸುರಕ್ಷಾ ಗೇಮ್ ಹಾಕಿದಳು. ಎರಡನೇ ತಿರುವಿನಲ್ಲೇ ಬಸ್ಸು ನಿಂತು, ಹಾರಿ, ಮತ್ತೆ ನಿಂತಿತು. ಕೃಷ್ಣಮೋಹನನ ಕೈ ರೂಢಿಯಂತೆ ಟಾಸ್ಕ್ ಮ್ಯಾನೇಜರ್ ತೆರೆಯಿತು. ಬಸ್ಸು ತಟ್ಟನೆ ಸರಿಯಾಯಿತು. ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಡಬ್ಬದೊಳಗಿನ ಫ್ಯಾನು ಜೋರಾಗಿ ಬುಸುಗುಟ್ಟತೊಡಗಿತು, ಬಸ್ಸು ಮತ್ತೆ ಎಡವಿತು. ಇನ್ನೊಮ್ಮೆ ತೆರೆದ, ಫ್ಯಾನು ತಣ್ಣಗಾಯಿತು.

ಅವನಿಗೆ ಈಗ ತಿಳಿಯಿತು. ಒಳಗೆ ಯಾವುದೋ ಒಂದು ಪ್ರೋಗ್ರಾಮ್ ಅಡಗಿದೆ, ಯಾರಾದರೂ ನೋಡಲು ಬಂದರೆ ಸುಮ್ಮನಾಗಿ, ಅವರು ಹೋದ ಮೇಲೆ ಕೆಲಸ ಶುರು ಮಾಡುತ್ತದೆ. ಅಂಗಡಿಯಲ್ಲಿ ಅಂದು ಅರ್ಧ ಗಂಟೆಯೂ ಅವನು ಆ ಕಿಟಕಿಯನ್ನು ಮುಚ್ಚಿರಲೇ ಇಲ್ಲ.

ಹುಡುಕಲು ಒಂದು ಗಂಟೆ ಹಿಡಿಯಿತು. ದೂರದಲ್ಲಿ ಕೂತ ಯಾರಿಗೋ ಡಿಜಿಟಲ್ ನಾಣ್ಯ ಹುಟ್ಟಿಸಿಕೊಡಲು ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನೆಲ್ಲ ಹೀರುವ ಕಳ್ಳ ಪ್ರೋಗ್ರಾಮ್ ಅದು. ಅದು ಕೂತಿದ್ದ ಫೋಲ್ಡರನ್ನು ಆಂಟಿವೈರಸ್ ನೋಡದ ಹಾಗೆ ಮೊದಲೇ ವ್ಯವಸ್ಥೆಯಾಗಿತ್ತು. ಫೈಲಿನ ತಾರೀಕು ಏಪ್ರಿಲ್ ಹದಿನಾಲ್ಕು, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಅಂದು ಆ ಹೊತ್ತಿನಲ್ಲಿ ಈ ಕಂಪ್ಯೂಟರ್ ಇದ್ದದ್ದು ಅವನ ಅಂಗಡಿಯ ಮೇಜಿನ ಮೇಲೆ. ವಿಂಡೋಸ್ ತುಂಬಿದ ಮೇಲೆ, ಲೈಸೆನ್ಸ್ ಕೇಳದಿರಲಿ ಎಂದು ಪೆನ್ ಡ್ರೈವಿನಿಂದ ಅವನು ಒಂದು ಪುಕ್ಕಟೆ ಪ್ರೋಗ್ರಾಮ್ ಓಡಿಸಿದ್ದ. ವರ್ಷದಿಂದ ಎಲ್ಲರ ಕಂಪ್ಯೂಟರಿಗೂ ಅದನ್ನೇ ಓಡಿಸುತ್ತಿದ್ದ. ಆ ಪೆನ್ ಡ್ರೈವ್ ಈಗಲೂ ಅವನ ಕಿಸೆಯಲ್ಲಿತ್ತು.

"ಸಿಕ್ಕಿತ?" ಸುರಕ್ಷಾ ಕೇಳಿದಳು.

"ಸಿಕ್ಕಿತು. ಒಂಥರಾ ವೈರಸ್."

"ಹೇಗೆ ಬಂದದ್ದು ಅದು?"

"ನೆಟ್‌ನಿಂದ ಬರ್ತದೆ," ಎಂದ. ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಬಾಗಿಲಲ್ಲಿ ದುಗ್ಗಪ್ಪ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. "ನಾನು ಎಂತಾದ್ರೂ ತಪ್ಪು ಒತ್ತಿದೆನ ಮೋಹನ? ಒಮ್ಮೊಮ್ಮೆ ಪರದೆಯಲ್ಲಿ ಎಂತೆಂತದೋ ಬರ್ತದೆ, ನನಗೆ ಇಂಗ್ಲಿಷ್ ಓದ್ಲಿಕ್ಕೆ ಆಗುದಿಲ್ಲ. ಈ ಕೈ ಬೇರೆ ಒಮ್ಮೊಮ್ಮೆ ಹೇಳಿದ ಹಾಗೆ ಕೇಳುದಿಲ್ಲ."

ಕೃಷ್ಣಮೋಹನ ಅವರ ಕಡೆ ತಿರುಗಿದ. ಹೌದು ಎಂದರೆ ಮುಗಿಯಿತು. ದುಗ್ಗಪ್ಪ ನಂಬಲು ತಯಾರಾಗಿಯೇ ನಿಂತಿದ್ದರು.

"ನೀವು ಒತ್ತಿದ್ದಲ್ಲ ದುಗ್ಗಪ್ಪಣ್ಣ. ನಾನು ಹಾಕಿದ್ದು. ನನ್ನ ಪೆನ್ ಡ್ರೈವಿನಲ್ಲಿ ಇತ್ತು ಅದು, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ತಪ್ಪನ್ನು ನಿಮ್ಮ ಕಣ್ಣಿನ ಮೇಲೆ ಹಾಕಿದೆ."

ಒಳಗಿನಿಂದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದ ಕಮಲಾವತಿ ಅಲ್ಲಿಯೇ ನಿಂತರು. ದುಗ್ಗಪ್ಪ ಗೋಡೆ ಹಿಡಿದು ನಿಧಾನವಾಗಿ ಮಂಚದ ಮೇಲೆ ಕೂತರು.

"ಇಪ್ಪತ್ತೆರಡು ದಿನ," ಎಂದರು. "ಇಪ್ಪತ್ತೆರಡು ದಿನ ನಾನು ಇವತ್ತು ಹೋಗ್ತೇನ, ನಾಳೆ ಹೋಗ್ತೇನ ಅಂತ ಕೂತಿದ್ದೆ. ಚಾ ಲೋಟ ಹಿಡಿಯುವಾಗಲೂ ಈಗ ನಿಲ್ತದ ಅಂತ. ನೀನು ನಕ್ಕೊಂಡು ಹೇಳಿದ್ದು, ಅಲ್ವ? ನಕ್ಕೊಂಡು."

ಕೃಷ್ಣಮೋಹನ ತಲೆ ತಗ್ಗಿಸಿದ. ಕಮಲಾವತಿ ಮಗುವನ್ನು ಗಂಡನ ಪಕ್ಕದಲ್ಲಿ ಮಂಚದ ಮೇಲೆ ಕೂರಿಸಿದರು. ದುಗ್ಗಪ್ಪ ಅದರ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದರೇ ಹೊರತು ಎತ್ತಿಕೊಳ್ಳಲಿಲ್ಲ.

ಅಂಗಿಯ ತುದಿ ಬಿಡದೆಯೇ ಅವರು ಕೇಳಿದರು. "ಬೇರೆ ಎಷ್ಟು ಮನೆಯಲ್ಲಿ ಉಂಟು ಇದು?"

"ಲೆಕ್ಕ ಇಲ್ಲ. ನಲವತ್ತರ ಮೇಲೆ."

"ಒಂದು ಬಸ್ಸಿನ ಬ್ರೇಕಿನಲ್ಲಿ ದೋಷ ಕಂಡ್ರೆ, ಅದರ ಜೊತೆಗೆ ಬಂದ ಬಸ್ಸನ್ನೆಲ್ಲ ನಾವು ರಸ್ತೆಗೆ ಬಿಡ್ತಿರಲಿಲ್ಲ. ಇಲ್ಲಿ ಎಂತ ಕೂತಿದ್ದೀ? ಹೋಗು."

ಅವನು ಮೊದಲು ಆ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಸರಿಯಾದ ಲೈಸೆನ್ಸಿನ ವಿಂಡೋಸ್ ಹಾಕಿಯೇ ಹೊರಟ. ಅಂಗಡಿಗೆ ಬಂದು ಪೆನ್ ಡ್ರೈವನ್ನು ಸುತ್ತಿಗೆಯಲ್ಲಿ ಜಜ್ಜಿದ. ಆಮೇಲೆ ಫೋನ್ ಹಿಡಿದು ಕೂತ. ಎಲ್ಲರಿಗಿಂತ ಮೊದಲು ಕರೆ ಮಾಡಬೇಕಾದದ್ದು ಕುಂಬ್ರದ ನಿಯಾಝ್‌ಗೆ ಎಂದು ಗೊತ್ತಿದ್ದೂ ಅವನ ಹೆಸರು ಬಿಟ್ಟು ಬೇರೆ ನಾಲ್ವರಿಗೆ ಮಾಡಿದ. ಮದುವೆ ವಿಡಿಯೋ ಎಡಿಟ್ ಮಾಡುವ ನಿಯಾಝ್ ಇದೇ ತೊಂದರೆ ಹೇಳಿಕೊಂಡು ಬಂದಿದ್ದಾಗ, ಗ್ರಾಫಿಕ್ಸ್ ಕಾರ್ಡು ಹಳತಾಯಿತು ಎಂದು ಕೃಷ್ಣಮೋಹನನೇ ಹೊಸದು ಹಾಕಿ ಕಳಿಸಿದ್ದ. ಕೊನೆಗೂ ಅವನಿಗೆ ಫೋನ್ ಮಾಡಿ ವಿಷಯ ಹೇಳಿದ.

"ನನ್ನ ಹಳೇ ಕಾರ್ಡು ಎಲ್ಲುಂಟು?"

"ಇಲ್ಲೇ ಉಂಟು. ಹೊಸದನ್ನು ವಾಪಸ್ ತಗೊಳ್ತೇನೆ."

"ಬನ್ನಿ. ಆದ್ರೆ ಕಂಪ್ಯೂಟರಿಗೆ ನೀವು ಕೈ ಹಾಕುದು ಬೇಡ. ಬಿಚ್ಚುದು ನಾನೇ."

ತಿರುಮಲೇಶ್ವರ ಎಂಬ ವಕೀಲರು ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು. ಹೇಳಿದ್ದು ಒಳ್ಳೆಯದಾಯಿತು ಎಂದವರು ಇಬ್ಬರೋ ಮೂವರೋ. ಉಪ್ಪಿನಂಗಡಿ, ಕಡಬ, ಈಶ್ವರಮಂಗಲ ಎಂದು ದಿನಕ್ಕೆ ನಾಲ್ಕೈದು ಮನೆ ಸುತ್ತಿದ. ಪ್ರತಿ ಮನೆಯಲ್ಲೂ ಅದೇ ಮಾತು ಹೇಳಬೇಕಿತ್ತು. ಹತ್ತನೇ ಸಲಕ್ಕೂ ಅದು ಸಲೀಸಾಗಲಿಲ್ಲ. ಅಂಗಡಿಗೆ ಹೊಸ ಗಿರಾಕಿ ಬರುವುದು ಕಡಿಮೆಯಾಯಿತು.

ಎಂಟನೇ ದಿನ ದುಗ್ಗಪ್ಪನ ಫೋನ್ ಬಂತು.

"ಬಸ್ಸು ಚಂದ ಹೋಗ್ತದೆ. ಎಲ್ಲರೂ ಹೇಳುದು ಹಾಗೆ," ಎಂದರು. "ನನಗೆ ಮಾತ್ರ ಒಮ್ಮೊಮ್ಮೆ ಈಗಲೂ ಸಣ್ಣಕೆ ಎಡವಿದ ಹಾಗೆ ಕಾಣ್ತದೆ. ಸುರಕ್ಷಾಳಿಗೆ ಕಾಣುದಿಲ್ಲ. ಅವಳತ್ರ ಹೇಳ್ಲಿಲ್ಲ ನಾನು."

ಕೃಷ್ಣಮೋಹನ ಈ ಸಲ ನಗಲಿಲ್ಲ. ಕಡಬಕ್ಕೆ ಹೋಗುವ ದಾರಿಯನ್ನು ಬಿಟ್ಟು ಜಾಲ್ಸೂರಿಗೆ ತಿರುಗಿದ. ಪರದೆಯ ಮೇಲೆ ಪ್ರತಿ ಚಿತ್ರ ಎಷ್ಟು ಹೊತ್ತಿಗೆ ಬಂತೆಂದು ಬರೆದಿಡುವ ಪ್ರೋಗ್ರಾಮ್ ಹಾಕಿ, "ನೀವು ಓಡಿಸಿ. ಎಡವಿತು ಅಂತ ಕಂಡ ಕೂಡಲೇ 'ಈಗ' ಅಂತ ಹೇಳಿ," ಎಂದ. ತಾನು ಗಡಿಯಾರ ನೋಡುತ್ತ ಕಾಗದ ಹಿಡಿದು ಕೂತ. ಅವನ ಕಣ್ಣಿಗೆ ಬಸ್ಸು ಒಮ್ಮೆಯೂ ಎಡವಲಿಲ್ಲ. ದುಗ್ಗಪ್ಪ ಮೂರು ಸಲ "ಈಗ" ಎಂದರು. ಮೂರನೆಯದನ್ನು ಹೇಳುವಷ್ಟರಲ್ಲಿ ಅವರ ಸ್ವರ ಇಳಿದಿತ್ತು. ಕೃಷ್ಣಮೋಹನ ಮೂರೂ ಹೊತ್ತನ್ನು ಬರೆದುಕೊಂಡ. ಪ್ರೋಗ್ರಾಮಿನ ಲೆಕ್ಕಕ್ಕೆ ಒಂದೂ ತಾಳೆಯಾಗದಿದ್ದರೆ ಈ ಮನುಷ್ಯನಿಗೆ ಏನು ಹೇಳುವುದು?

ಬಸ್ಸನ್ನು ನಿಲ್ದಾಣದಲ್ಲಿ ನಿಲ್ಲಿಸಿದ ಮೇಲೆ ಅವನು ದಾಖಲೆ ತೆರೆದ. ಸಪಾಟಾಗಿ ಸಾಗಿದ ಗೆರೆಯಲ್ಲಿ ಮೂರೇ ಮೂರು ಕಡೆ ಸಣ್ಣ ಮುಳ್ಳುಗಳು ಎದ್ದಿದ್ದವು. ಕಾಗದದಲ್ಲಿದ್ದ ಹೊತ್ತುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಮೂರೂ ಕೂಡಿದವು.

"ಹೊಸ ರಸ್ತೆಯ ಚಿತ್ರವನ್ನು ಡಿಸ್ಕಿನಿಂದ ತರುವಾಗ ಆಗುದು ಇದು. ಎಲ್ಲ ಕಂಪ್ಯೂಟರಿನಲ್ಲೂ ಉಂಟು. ಕಣ್ಣು ಮುಚ್ಚಿ ತೆರೆಯುವಷ್ಟೂ ಇಲ್ಲ ದುಗ್ಗಪ್ಪಣ್ಣ, ನನಗೆ ಕಾಣ್ಲೇ ಇಲ್ಲ. ನಿಮಗೆ ಕಂಡಿತು."

ದುಗ್ಗಪ್ಪ ಕನ್ನಡಕ ತೆಗೆದು ಉಟ್ಟ ಮುಂಡಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆ ಮೂರು ಮುಳ್ಳುಗಳನ್ನು ಹತ್ತಿರದಿಂದ ನೋಡಿದರು. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

"ಇನ್ನೊಮ್ಮೆ ನೋಡುವ," ಎಂದರು. "ಈ ಸಲ ಘಾಟಿ ಇಳಿಯುದು."

ಕಡಬದಲ್ಲಿ ಇನ್ನೂ ಎರಡು ಮನೆ ಬಾಕಿ ಇತ್ತು. ಕೃಷ್ಣಮೋಹನ ಫೋನ್ ತೆಗೆದು, ಬರುವುದು ತಡವಾಗುತ್ತದೆ ಎಂದು ಅವರಿಗೆ ಹೇಳಿ, ಕಾಗದದ ಮಗ್ಗುಲು ತಿರುಗಿಸಿದ.